ಅಕ್ಕ ಕರೆದಾಗ ತಡಿಕೆ ಹಿಡಿದು ನಿಂತಿದ್ದೆ

ಆಗೆಲ್ಲ ನಮ್ಮ ಕಡೆ ಹೆಣ್ಣುಮಕ್ಕಳ ತಿಂಗಳ ಹೊಟ್ಟೆನೋವಿಗೆ ಗುಳಿಗೆ ಇದೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಮೂರು ದಿನ ಹೊರಗೆ ಕೂರುವುದು, ನೋವು ಬಂದರೆ ಹಲ್ಲು ಕಚ್ಚುವುದು, ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರುವುದು. ನನ್ನ ವಯಸ್ಸಿನ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀವೂ ಕೂತವರೇ.

ನಮ್ಮದು ಬಳ್ಳಿಗಾವಿ ಹತ್ತಿರದ ಊರು. ಮನೆಯಲ್ಲಿ ಐವತ್ತು ಅರವತ್ತು ಕುರಿ. ಹಿತ್ತಲಲ್ಲಿ ಕುರಿಹಟ್ಟಿ, ಅದರ ಮಗ್ಗುಲಿಗೆ ಮರಿ ಕೂಡುವ ಗೂಡು, ಗೂಡಿಗೆ ಬಿದಿರಿನ ತಡಿಕೆಯೇ ಬಾಗಿಲು. ಗೂಡಿಗೆ ಒತ್ತಿಕೊಂಡು ಒಂದು ಹುಲ್ಲಿನ ಚಪ್ಪರ. ಹೊರಗಾದವರು ಅಲ್ಲೇ ಕೂರಬೇಕು. ಕುರಿ ಗಂಜಳದ ವಾಸನೆಯಲ್ಲೇ ಉಣ್ಣಬೇಕು. ನಾನಾಗ ಹತ್ತು ಹನ್ನೊಂದರ ಹುಡುಗಿ, ಇನ್ನೂ ದೊಡ್ಡವಳಾಗಿರಲಿಲ್ಲ. ಅಕ್ಕ ಕೆಂಚವ್ವ ನನಗಿಂತ ಏಳು ವರ್ಷ ಹಿರಿಯಳು.

ಅಕ್ಕನಿಗೆ ಬರುತ್ತಿದ್ದ ನೋವು ಬೇರೆ ಯಾರಿಗೂ ಬಂದದ್ದನ್ನು ನಾನು ನೋಡಿಲ್ಲ. ಮೊಣಕಾಲು ಎದೆಗೆ ಒತ್ತಿಕೊಂಡು ಉರುಳಾಡುತ್ತಿದ್ದಳು. ಕುಡಿದದ್ದನ್ನೆಲ್ಲ ಕಕ್ಕುತ್ತಿದ್ದಳು. ಅಜ್ಜಿ ತನಗೆ ಗೊತ್ತಿದ್ದ ಮದ್ದನ್ನೆಲ್ಲ ಮಾಡಿದಳು. ಓಮ ಹುರಿದು ಬೆಲ್ಲ ಹಾಕಿ ಕಷಾಯ ಕುದಿಸಿದಳು. ಮಜ್ಜಿಗೆಯಲ್ಲಿ ಮೆಂತ್ಯ ನುಂಗಿಸಿದಳು. ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಬೆಂಕಿಗೆ ಹಿಡಿದು, ಹೊಟ್ಟೆ ಮೇಲೆ ಹಾಕಿಕೋ ಎಂದು ದೂರದಿಂದ ಎಸೆದಳು. ಯಾವುದಕ್ಕೂ ನೋವು ಬಗ್ಗಲಿಲ್ಲ.

ಒಂದಿಷ್ಟು ತಗ್ಗುತ್ತಿದ್ದದ್ದು ಬಿಸಿ ಇಟ್ಟಿಗೆಯಿಂದ. ಹೊರಗಾದವಳನ್ನು ಮುಟ್ಟುವಂತಿಲ್ಲ, ಆದರೆ ಕಂಬಳಿಗೆ ಮೈಲಿಗೆ ಇಲ್ಲ ಎಂಬುದು ಕುರಿ ಸಾಕುವ ನಮ್ಮವರ ಮಾತು. ಹಾಗಾಗಿ ಒಲೆಯಲ್ಲಿ ಕಾಸಿದ ಇಟ್ಟಿಗೆಯನ್ನು ಹಳೇ ಕಂಬಳಿ ತುಂಡಿಗೆ ಸುತ್ತಿ ನಾನು ಅಕ್ಕನ ಕೈಗೇ ಕೊಡುತ್ತಿದ್ದೆ. ಅದು ನನ್ನ ಕೆಲಸ. ಉಣ್ಣೆ ಕಮರಿದ ವಾಸನೆ ನನ್ನ ಲಂಗಕ್ಕೆಲ್ಲ ಹತ್ತಿರುತ್ತಿತ್ತು.

"ಹೆಂಗೈತಕ್ಕಾ?"

"ಒಂಚೂರು ತಗ್ಗೇತಿ. ಆರಿದ ಮ್ಯಾಲೆ ಇನ್ನೊಂದು ತಾರೇ."

ತಗ್ಗಿದಾಗ ಕಲ್ಲಾಟ ಆಡುತ್ತಿದ್ದೆವು. ನನ್ನ ಐದು ಕಲ್ಲು ನನಗೆ, ಅವಳ ಐದು ಅವಳಿಗೆ, ನಡುವೆ ಒಂದು ಮೊಳ ಜಾಗ. ನಾನು ಕಲ್ಲು ಬೀಳಿಸಿದರೆ, "ಕೈಗೇನ್ ಬೆಣ್ಣೆ ಬಳ್ಕೊಂಡಿಯೇನೇ?" ಎಂದು ನಗುತ್ತಿದ್ದಳು. ನೋವಿನ ಮಾತು ಅವಳು ಹೇಳುತ್ತಿದ್ದದ್ದು ನನ್ನೊಬ್ಬಳ ಹತ್ತಿರ. ಅವ್ವನ ಹತ್ತಿರ ಹೇಳುವಂತಿರಲಿಲ್ಲ. "ನಾವೇನ್ ಹೆಣ್ಣಲ್ಲೇನು? ನಿನ್ನಂಗೆ ಊರಿಗೆಲ್ಲ ಸಾರ್ಕೊಂಡಿದ್ವೇನು?" ಎನ್ನುತ್ತಿದ್ದಳು.

ಅವ್ವನ ಸಿಟ್ಟಿಗೆ ಕಾರಣವಿತ್ತು. ಹಿಂದಿನ ವರ್ಷ ಕುದುರಿದ್ದ ಒಂದು ಸಂಬಂಧ ಮುರಿದುಹೋಗಿತ್ತು. ಹುಡುಗಿ ತಿಂಗಳಿಗೊಮ್ಮೆ ನರಳುತ್ತಾಳೆ, ಇಂಥವಳಿಗೆ ಮಕ್ಕಳಾಗುವುದಿಲ್ಲ ಎಂದು ಯಾರೋ ಕಿವಿಗೆ ಹಾಕಿದ್ದರು. ಇನ್ನೊಂದು ಮುರಿದರೆ ಕೇಳುವವರೇ ಇರುವುದಿಲ್ಲ ಎಂದು ಅವ್ವನಿಗೆ ಹೆದರಿಕೆ.

ಸುಗ್ಗಿ ಮುಗಿದಿತ್ತು. ಸೊರಬ ಸೀಮೆಯ ಜಡೆ ಎಂಬ ಊರಿನಿಂದ ಹುಡುಗಿ ನೋಡಲು ಬರುವವರಿದ್ದರು. ಸೋಮವಾರ ಎಂದವರು ಶನಿವಾರ ಮಧ್ಯಾಹ್ನ ಇಳಿಹೊತ್ತಿಗೆ ಬಂದುಬಿಟ್ಟರು, ಹುಡುಗನ ಅಪ್ಪ ಮತ್ತು ಸೋದರತ್ತೆ. ಅಕ್ಕ ಅವತ್ತು ಬೆಳಿಗ್ಗೆಯೇ ಹೊರಗಾಗಿದ್ದಳು.

"ಹುಡುಗಿ ಹೊರಗೆ ಕುಂತಾಳ್ರೀ, ಇವತ್ತು ತೋರ್ಸಂಗಿಲ್ಲ. ಮಂಡಕ್ಕಿ ತಿನ್ರಿ, ಮಾತಾಡಣ" ಎಂದಳು ಅಜ್ಜಿ. ಅದರಲ್ಲಿ ನಾಚಿಕೆಯೇನಿರಲಿಲ್ಲ, ಎಲ್ಲರ ಮನೆಯಲ್ಲೂ ಕೂರುತ್ತಾರೆ. ನರಳುವ ದನಿ ಕೇಳಿಸಿದರೆ ಮಾತ್ರ ಕೆಲಸ ಕೆಟ್ಟಿತು.

ಅಜ್ಜಿ ಹಿತ್ತಲಿಗೆ ಬಂದು ನನ್ನ ರಟ್ಟೆ ಹಿಡಿದಳು. "ನಾಗೀ, ಕುರಿ ಬರೋ ಹೊತ್ತಾತು. ಮರಿ ಬಿಡಬ್ಯಾಡ. ತಡಿಕೆ ಬಿಗಿಯಾಗಿ ಹಿಡ್ಕೊಂಡು ನಿಲ್ಲು. ಅರಚ್ಲಿ. ಅವರು ಹೋಗೋತಂಕ ಅರಚ್ಲಿ."

ಹಗಲೆಲ್ಲ ಮೇಯಲು ಹೋದ ತಾಯಿಕುರಿ ಬಂದ ಕೂಡಲೇ ಮರಿ ಬಿಡಬೇಕು. ಬಿಡದಿದ್ದರೆ ಒಳಗೆ ಮರಿ, ಹೊರಗೆ ತಾಯಿ, ಎರಡೂ ಕಡೆ ಬೊಬ್ಬೆ. ಆ ಬೊಬ್ಬೆಯಲ್ಲಿ ಮನುಷ್ಯರ ದನಿ ಎಲ್ಲಿ ಕೇಳಿಸುತ್ತದೆ. ಅಪ್ಪ ಕುರಿ ಹೊಡೆದುಕೊಂಡು ಬಂದ, ಕೈಕಾಲು ತೊಳೆದು ನೆಂಟರ ಜೊತೆ ಕೂತ. ಮರಿ ಯಾಕೆ ಬಿಟ್ಟಿಲ್ಲ ಎಂದು ಕೇಳಲಿಲ್ಲ. ಅವನಿಗೂ ಗೊತ್ತಿತ್ತು.

ಪಡಸಾಲೆಯಲ್ಲಿ ಕೂಗಿಕೊಂಡೇ ಮಾತಾಡುತ್ತಿದ್ದರು.

"ಏನ್ರೀ ನಿಮ್ ಕುರಿ, ಬಾಯಿ ತೆಗಿಯಾಕೇ ಬಿಡಲ್ವಲ್ರೀ!" ಎಂದಳು ಹುಡುಗನ ಅತ್ತೆ.

"ನೆಂಟ್ರು ಬಂದ್ರೆ ಅವಕ್ಕೂ ಮಾತು ಜಾಸ್ತಿರೀ" ಎಂದಳು ಅಜ್ಜಿ.

"ಮರಿ ಬಿಟ್ರೆ ಸುಮ್ನಾಗ್ತಾವಲ್ರೀ?"

"ಬಿಸ್ಲಾಗಿಂದ ಬಂದ ಕೂಡ್ಲೆ ಹಾಲು ಕುಡುದ್ರೆ ಮರಿಗೆ ಹೊಟ್ಟೆ ಕೆಡ್ತೈತ್ರೀ. ಆರ್ಲಿ." ಶುದ್ಧ ಸುಳ್ಳು.

"ನಾವು ಗದ್ದೆ ಮಂದಿ, ನಮಗೇನ್ ತಿಳೀತೈತಿ ಬಿಡ್ರಿ" ಎಂದ ಹುಡುಗನ ಅಪ್ಪ.

ಅಕ್ಕ ನನ್ನಿಂದ ಎರಡು ಮಾರು ದೂರದಲ್ಲಿ ಚಪ್ಪರದ ಕೆಳಗೆ ಬಿದ್ದಿದ್ದಳು. "ನಾಗೀ, ಇಟ್ಟಿಗೆ ತಣ್ಣಗಾತು. ಕಾಸ್ಕೊಂಡು ಬಾರೇ."

"ತಾಳಕ್ಕ. ತಡಿಕೆ ಬಿಟ್ರೆ ಮರಿ ನುಗ್ತಾವು."

"ಒಂದ್ ಸಲ ಹೋಗಿ ಬಾ. ತಡಿಯಾಕೆ ಆಗಲ್ಲೇ."

"ಅಜ್ಜಿ ಬೈತಾಳೆ."

ಒಂದು ಕಲ್ಲು ಒರಗಿಸಿ ಹೋಗಬಹುದಿತ್ತೇನೋ. ಆಗ ಹೊಳೆಯಲಿಲ್ಲ. ಹೊಳೆದಿದ್ದರೂ ನೆಂಟರ ಮುಂದೆ ದಾಟಿ ಒಲೆಗೆ ಹೋಗುತ್ತಿದ್ದೆನೋ ಇಲ್ಲವೋ, ಹೇಳಲಾರೆ. ಮರಿಗಳು ತಡಿಕೆಯ ಸಂದಿಯಲ್ಲಿ ಮೂತಿ ತೂರಿಸಿ ನನ್ನ ಬೆರಳನ್ನೇ ಚೀಪುತ್ತಿದ್ದವು. ಹಿಂದಿನಿಂದ ತಾಯಿಕುರಿಗಳು ಗುದ್ದುತ್ತಿದ್ದವು. ನಾನು ಅಳುತ್ತಾ ನಿಂತೆ, ಬಿಡಲಿಲ್ಲ.

ಮೂರನೇ ಸಲ ಅಕ್ಕ ಕರೆಯಲಿಲ್ಲ. ಸುಮ್ಮನೆ ನನ್ನ ಮುಖ ನೋಡಿದಳು. ಆಮೇಲೆ ಇಟ್ಟಿಗೆಗೆ ಸುತ್ತಿದ್ದ ಕಂಬಳಿ ತುಂಡನ್ನು ಬಿಚ್ಚಿ ಬಾಯಿಗೆ ತುರುಕಿಕೊಂಡು ಆ ಕಡೆ ತಿರುಗಿದಳು.

ದೀಪ ಹಚ್ಚುವ ಹೊತ್ತಿಗೆ ನೆಂಟರು ಎದ್ದರು. "ಹಟ್ಟಿ ತುಂಬ ಕುರಿ. ಹುಡುಗೀನ ಮುಂದಿನ ವಾರ ನೋಡಿದ್ರಾತು, ನಮ್ಮದು ಒಪ್ಪಿಗೆನೇ" ಎಂದಳು ಆ ಅತ್ತೆ ಹೋಗುವಾಗ. ನಾನು ತಡಿಕೆ ಬಿಟ್ಟೆ. ಮರಿಗಳು ನುಗ್ಗಿ ಮೊಣಕಾಲೂರಿ ಕೆಚ್ಚಲಿಗೆ ಬಾಯಿ ಹಾಕಿದವು. ಹಿತ್ತಲು ತಣ್ಣಗಾಯಿತು.

ಓಡಿಹೋಗಿ ಇಟ್ಟಿಗೆ ಕಾಸಿ ತಂದೆ. ಅಕ್ಕ ಕೈ ಚಾಚಲಿಲ್ಲ. "ಅಲ್ಲಿಡು" ಎಂದಳು.

"ಹೆಂಗೈತಕ್ಕಾ?"

"ಏನಿಲ್ಲ. ನೀ ಹೋಗು."

ಮುಂದಿನ ತಿಂಗಳಿಂದ ಅವಳು ಗೂಡಿನ ಗೋಡೆ ಕಡೆ ಮುಖ ಮಾಡಿ ಕೂರುತ್ತಿದ್ದಳು. ನರಳಲಿಲ್ಲ, ಇಟ್ಟಿಗೆ ಕೇಳಲಿಲ್ಲ. "ನೋಡಿದ್ಯಾ, ಮನಸ್ಸು ಮಾಡಿದ್ರೆ ತಡ್ಕೋಬೌದು" ಎಂದಳು ಅವ್ವ. ಅಕ್ಕ ಮದುವೆಯಾಗಿ ಜಡೆಗೆ ಹೋದಳು. ಮಕ್ಕಳೂ ಎರಡಾದವು. ನೋವು ಮಾತ್ರ ಅವಳ ಜೊತೆಗೇ ಹೋಗಿತ್ತು. ನಲವತ್ತರ ಹತ್ತಿರ ಗದ್ದೆಯಲ್ಲೇ ಕುಸಿದು ಬಿದ್ದಾಗ ಶಿವಮೊಗ್ಗಕ್ಕೆ ಹೊತ್ತೊಯ್ದು ಗರ್ಭಚೀಲ ತೆಗೆಸಿದರು. ಒಳಗೆಲ್ಲ ಗಂಟು. ಇಷ್ಟು ವರ್ಷ ಯಾಕಮ್ಮ ಹೇಳಲಿಲ್ಲ ಎಂದು ಡಾಕ್ಟರು ಕೇಳಿದರಂತೆ.

ಈಗ ನನ್ನ ಮೊಮ್ಮಗಳು ಗುಳಿಗೆ ನುಂಗಿ, ಬಿಸಿನೀರಿನ ರಬ್ಬರ್ ಚೀಲ ಹೊಟ್ಟೆಗಿಟ್ಟುಕೊಂಡು, ಅವರಪ್ಪನ ಎದುರಿಗೇ "ಇವತ್ತು ನನ್ ಕೈಲಾಗಲ್ಲ" ಎನ್ನುತ್ತಾಳೆ. ಅನ್ನಲಿ. ಕುರಿ ಹೋದವು, ಮೇಯಿಸುವ ಜಾಗ ಹೋಯಿತು, ಅದಕ್ಕೆ ನಾನು ಅತ್ತಿಲ್ಲ. ನನಗೆ ಹೋದದ್ದು ಅಕ್ಕ ನನ್ನ ಹತ್ತಿರ ಆಡುತ್ತಿದ್ದ ಆ ನೋವಿನ ಮಾತು.

ಹೋದ ವರ್ಷ ಅವಳ ಕೊನೆಗಾಲದಲ್ಲಿ ಜಡೆಗೆ ಹೋಗಿ ಎಂಟು ದಿನ ಅವಳ ಮಗ್ಗುಲಲ್ಲಿ ಕೂತಿದ್ದೆ. ಮಂಚದ ಪಟ್ಟಿ ಹಿಡಿದುಕೊಂಡ ಅವಳ ಬೆರಳು ಬೆಳ್ಳಗಾಗಿದ್ದವು.

"ಎಲ್ಲಿ ನೋಯ್ತೈತಕ್ಕಾ? ನನಗಾದ್ರೂ ಹೇಳು."

"ಏನಿಲ್ಲ. ನೀ ಉಂಡ್ಯಾ?"

ಉಂಡೆ ಎಂದೆ. ಉಂಡಿರಲಿಲ್ಲ.