ಊಂ ಅನ್ನುವವರು

ನಮ್ಮ ಯಜಮಾನರು ಮಾತು ಕಡಿಮೆಯ ಮನುಷ್ಯ. ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಅವರು ಮಗ್ಗದಲ್ಲಿ ಕೂತು ರೇಷ್ಮೆ ಸೀರೆ ನೇಯುತ್ತಿದ್ದರೆ, ನಾನು ಎದುರಿಗೆ ರಾಟೆ ಇಟ್ಟುಕೊಂಡು ನೂಲು ಸುತ್ತುತ್ತಿದ್ದೆ. ಹೊರಗೆ ನಾಲ್ಕು ಜನರ ಮುಂದೆ ಬಾಯಿ ಬಿಡದ ನಾನು ಅಲ್ಲಿ ಮಾತ್ರ ಬೀದಿಯ ಸುದ್ದಿಯನ್ನೆಲ್ಲ ಹೇಳುತ್ತಿದ್ದೆ. ಲಾಳಿ ಓಡಿಸುತ್ತಲೇ ಅವರು ಪ್ರತಿ ಮಾತಿಗೂ "ಊಂ" ಅನ್ನುತ್ತಿದ್ದರು. ಎಲ್ಲ ಮುಗಿದಾಗ ನಾನು, "ಇಷ್ಟೇ ಕಣ್ರೀ, ನೀವು ನೇಯ್ಕಳಿ" ಅನ್ನುತ್ತಿದ್ದೆ.

ಅವರು ತೀರಿಕೊಂಡ ಮೇಲೆ ನನಗೆ ಯಾವ ಮಾತನ್ನೂ ಮುಗಿಸಲು ಆಗುತ್ತಿರಲಿಲ್ಲ. ಏನೋ ಹೇಳಲು ಶುರುಮಾಡಿ ನಡುವೆಯೇ ನಿಂತುಬಿಡುತ್ತಿದ್ದೆ. ಮಗಳು ಕಾದು, "ಆಮೇಲೆ?" ಎನ್ನುತ್ತಿದ್ದಳು. ಪಾಪ, ಅವಳ ತಪ್ಪಲ್ಲ. ಆದರೆ "ಆಮೇಲೆ" ಅಂದರೆ ಬೇಗ ಹೇಳು ಎಂದಂತೆ. "ಊಂ" ಅಂದರೆ ಜೊತೆಗಿದ್ದೇನೆ ಎಂದಂತೆ.

ರಾಟೆಯ ಮುಂದೆ ಒಬ್ಬಳೇ ಕೂತಾಗ, ಅವರಿಗೆ ಹೇಳಬೇಕಾದ ಸುದ್ದಿಗಳು ಒಂದೊಂದು ಸಾಲಾಗಿ ಸೇರುತ್ತಾ ಹೋದವು. ಅದು ಕವನ ಎಂದು ನನಗೆ ಗೊತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಮಗಳು ಊರಿನಲ್ಲಿ ನಡೆಯಲಿದ್ದ ಪೊಯೆಟ್ರಿ ಸ್ಲ್ಯಾಮ್‌ಗೆ ನನ್ನ ಹೆಸರು ಕೊಟ್ಟು ಬಂದಳು.

"ಅದೇನೇ ಅದು?"

"ಕವನ ಯೋಳೋ ಸ್ಪರ್ಧೆ ಕಣವ್ವ. ಪೇಪರ್ ನೋಡ್ಕಂಡು ಓದಂಗಿಲ್ಲ. ಮೂರು ನಿಮಿಷ ಬಾಯಲ್ಲೇ ಯೋಳ್ಬೇಕು. ಮಧ್ಯ ಬೇರೆ ಯಾರಾದ್ರೂ ಬಾಯಿ ಹಾಕುದ್ರೆ ನೀನು ಔಟು. ಕೇಳೋರೇ ಕೈಯೆತ್ತಿ ಗೆಲ್ಲುಸ್ತಾರೆ."

"ಗೆಲ್ಲೋದು ಆಚ್ಗಿರ್ಲಿ. ಕೊನೇಗಂಟ ಯೋಳಕಾದ್ರೆ ಸಾಕು" ಎಂದೆ.

ಸಭಾಂಗಣದಲ್ಲಿ ಹನೂರು, ಯಳಂದೂರು ಕಡೆಯ ಕಾಲೇಜು ಮಕ್ಕಳೇ ಹೆಚ್ಚು. ನನ್ನ ಪಕ್ಕದಲ್ಲಿ ಕೌದಳ್ಳಿಯ ಹಿರಿಯರೊಬ್ಬರು ಹೆಗಲಿಗೆ ಟವೆಲ್ ಹಾಕಿಕೊಂಡು ಕೂತಿದ್ದರು. ಅವರೂ ಸ್ಪರ್ಧಿ, ನನ್ನ ನಂತರದ ಸರದಿ.

"ಏನವ್ವಾ, ಎದ್ರುಕೆ ಆಯ್ತಾ ಅದಾ? ನಮ್ದೂ ಅದೇ ಪಾಡು. ನಮ್ ಎತ್ತಿನ ಮ್ಯಾಲೆ ಪದ ಕಟ್ಟೀವ್ನಿ. ಆ ಎತ್ತೇನಾರ ಕೇಳುದ್ರೆ ಅಗ್ಗ ಕಿತ್ಕಂಡು ಓಯ್ತದೆ."

ನನಗೆ ನಗು ಬಂತು. ಅಷ್ಟರಲ್ಲಿ ಹೆಸರು ಕೂಗಿದರು.

ಮೈಕಿನ ಮುಂದೆ ನಿಂತು ಮೊದಲ ಸಾಲು ಹೇಳಿದೆ:

"ಹಿತ್ತಲ ನುಗ್ಗೆ ಈ ಸಲ ಕಾಯಿ ಬಿಟ್ಟದೆ ಕಣ್ರೀ."

ಅಲ್ಲಿಗೇ ನಿಂತೆ. ಎರಡನೆಯ ಸಾಲು ನಾಲಗೆಯ ಮೇಲೇ ಇತ್ತು, ಮರೆತಿರಲಿಲ್ಲ. ಆದರೆ ಆ ಕಡೆಯಿಂದ ಏನೂ ಬರಲಿಲ್ಲ. ಜನ ಮರ್ಯಾದೆಯಿಂದ ಸುಮ್ಮನಿದ್ದರು. ಆ ಸುಮ್ಮನಿರುವಿಕೆ, ಅವರು ಹೋದ ಮೇಲೆ ನಿಂತುಹೋದ ನಮ್ಮ ಮನೆಯ ಮಗ್ಗದ ಹಾಗೇ ಇತ್ತು. ಎದುರಿನ ಕುರ್ಚಿಯಲ್ಲಿದ್ದ ಮಗಳ ತುಟಿ ಅಲುಗುತ್ತಿತ್ತು. ಆದರೆ ಅವಳು ಬಾಯಿ ಹಾಕುವಂತಿರಲಿಲ್ಲ.

"ಊಂ."

ಕೌದಳ್ಳಿಯವರು. ಅವರ ಕಡೆ ಕಥೆ ಹೇಳುವವರ ಎದುರು ಒಬ್ಬರು ಕೂತು ಊಂ ಅನ್ನಲೇಬೇಕು, ಅನ್ನದಿದ್ದರೆ ಹೇಳುವವರು ಮುಂದಕ್ಕೆ ಹೋಗುವುದಿಲ್ಲ. ಅದೇ ರೂಢಿಯಲ್ಲಿ ಅಂದುಬಿಟ್ಟಿದ್ದರು.

"ನಿಮ್ಮ ಅಂಗಿ ಮೊಳೇಲೇ ಅದೆ, ತೋಳು ಮಡಿಸಿದ ಹಾಗೇ."

"ಊಂ."

"ಬೆಕ್ಕು ಮಗ್ಗದ ಮೇಲೇ ಮಲಗ್ತದೆ. ಓಡಿಸೋಕೆ ಮನಸ್ಸು ಬರಲ್ಲ."

"ಊಂ."

ಗಡಿಯಾರ ಹಿಡಿದು ಕೂತಿದ್ದ ಹುಡುಗಿ ಎದ್ದು ನಿಂತಳು. "ತಾತಾ, ಮಾತಾಡ್ಬಾರ್ದು!"

"ಮಾತೆಲ್ಲಿ ಆಡ್ದೆ ಮಗಾ? ಊಂ ಅಂದೆ. ಆವಮ್ಮ ಯೋಳ್ತಾ ಅದೆ, ಕೇಳುಸ್ತು ಅನ್ನಬ್ಯಾಡ್ವಾ?"

ಸಭೆಯೆಲ್ಲ ನಕ್ಕಿತು. ನಾನು ನಿಲ್ಲಲಿಲ್ಲ. ಮಗಳು ಈಗ ರಾಟೆ ತಿರುಗಿಸಲು ಕಲಿಯುತ್ತಿರುವುದು, ನೂಲು ಹರಿದಾಗಲೆಲ್ಲ ಅಪ್ಪನ ಹಾಗೆಯೇ ಹಲ್ಲು ಕಚ್ಚುವುದು, ಎಲ್ಲವನ್ನೂ ಹೇಳಿದೆ. ಕೊನೆಗೆ, ಅವರು ಹೋದಂದಿನಿಂದ ಬಾಯಿಗೆ ಬಾರದಿದ್ದ ಸಾಲು ತಾನಾಗಿ ಬಂತು.

"ಇಷ್ಟೇ ಕಣ್ರೀ, ನೀವು ನೇಯ್ಕಳಿ."

ನಾನು ಔಟು ಎಂದು ಆ ಹುಡುಗಿ ತುಂಬ ಮೆಲ್ಲಗೆ ಹೇಳಿದಳು, ಅವಳದೇ ತಪ್ಪು ಎಂಬಂತೆ. ಇಳಿದು ಬಂದು ಮಗಳ ಪಕ್ಕ ಕೂತೆ. ಅವಳು ನನ್ನ ತೋಳು ಹಿಡಿದುಕೊಂಡಳು.

ಕೌದಳ್ಳಿಯವರು ಟವೆಲ್ ಕೊಡವಿ ಮೈಕಿನ ಮುಂದೆ ನಿಂತರು. ತಮ್ಮ ಎತ್ತಿನ ಬಣ್ಣ, ಅದರ ಕೊಂಬಿನ ಕೊಂಕು ಹೇಳಿ ನಿಲ್ಲಿಸಿದರು. ಆಮೇಲೆ ಸಭೆಯಲ್ಲಿ ನನ್ನನ್ನು ಹುಡುಕಿದರು.

"ಅವ್ವಾ, ಬ್ಯಾಡ! ಅವರೂ ಔಟಾಯ್ತಾರೆ" ಎಂದು ಮಗಳು ಪಿಸುಗುಟ್ಟಿದಳು.

ಅವರು ಕಾಯುತ್ತಲೇ ಇದ್ದರು. ಹಾಗೆ ಕಾಯುವುದು ಹೇಗಿರುತ್ತದೆಂದು ನನಗೆ ಗೊತ್ತಿತ್ತು.

"ಊಂ" ಎಂದೆ.