ಮದ್ದಿನ ಕೋಣೆಯ ಮುಚ್ಚಳ

2023ರ ಮಾರ್ಚ್‌ನಲ್ಲಿ ನಾನು ಅಡಿಲೇಡ್‌ನ ಮಾಸನ್ ಲೇಕ್ಸ್‌ನ ಹಡಗು ವಿನ್ಯಾಸ ಕಚೇರಿಯೊಂದರಲ್ಲಿ ಹಿರಿಯ ಪರಿಶೀಲಕನಾಗಿದ್ದೆ. ನಿವೃತ್ತಿಗೆ ಎಂಟು ತಿಂಗಳಿತ್ತು. ಪೂರ್ತಿ ನಕ್ಷೆ ನೋಡದೆ ಅಭಿಪ್ರಾಯ ಕೊಡಬಾರದೆಂಬ ನಿಯಮವನ್ನು ಮೂವತ್ತಾರು ವರ್ಷ ಒಮ್ಮೆಯೂ ಮುರಿದಿರಲಿಲ್ಲ.

ಪಕ್ಕದ ಮಾಡ್ಬರಿ ಬಡಾವಣೆಯ ಡಾಕ್ಟರೊಬ್ಬರ ತಾಯಿ ಐರಿನ್ ಬಾಯಿ, ನಾನು ಹಡಗಿನ ನಕ್ಷೆ ಓದುವವನೆಂದು ಕೇಳಿ, ಒಂದು ಭಾನುವಾರ ನಮ್ಮ ಮನೆಗೆ ಬಂದರು. ಮಂಗಳೂರಿನವರು, ವಯಸ್ಸು ಎಂಬತ್ತಮೂರು. ಅವರ ತಂದೆ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಯುದ್ಧನೌಕೆ, ಲೈಟ್ ಕ್ರೂಸರ್ ಒಂದರಲ್ಲಿ ಊಟ ಬಡಿಸುವ ಸ್ಟೂವರ್ಡ್ ಆಗಿದ್ದರು. ಟಾರ್ಪಿಡೊ ಬಡಿದು ಹಡಗು ಹಿಂದೂ ಮಹಾಸಾಗರದಲ್ಲಿ ಮುಳುಗಿತು. ಬದುಕಿದವರನ್ನು ಆಸ್ಟ್ರೇಲಿಯಾದ ಪರ್ತ್‌ಗೆ ತಂದರು. ತಂದೆಯ ಹೆಸರು ಕಾಣೆಯಾದವರ ಪಟ್ಟಿಯಲ್ಲಿತ್ತು. ಆದರೆ ಬದುಕಿ ಊರಿಗೆ ಮರಳಿದ ನಾವಿಕನೊಬ್ಬ, ತಂದೆ ಪರ್ತ್‌ನಲ್ಲಿ ಬೇರೆ ಸಂಸಾರ ಹೂಡಿದ್ದಾರೆಂದು ಸುದ್ದಿ ಹಬ್ಬಿಸಿದ. ನೆರೆ ಬಂದ ನೇತ್ರಾವತಿಯನ್ನು ಈಜಿ ದಾಟಿದ್ದ ಗಂಡ ಮುಳುಗಿ ಸತ್ತನೆಂದು ತಾಯಿ ನಂಬಲಿಲ್ಲ. ಬೈಯುತ್ತಲೇ ತೀರಿಕೊಂಡರು. ಅಣ್ಣ ಲಾರೆನ್ಸ್ ಹದಿನೈದನೇ ವಯಸ್ಸಿನಿಂದ ತಂದೆಯ ಹೆಸರು ಬರೆಯುವುದನ್ನೇ ಬಿಟ್ಟಿದ್ದ. ಈಗ ಬ್ರಿಸ್ಬೇನ್‌ನ ವೃದ್ಧಾಶ್ರಮದಲ್ಲಿದ್ದ.

"ಅಪ್ಪ ಓಡಿದ್ದಾ, ಸತ್ತದ್ದಾ? ಅಷ್ಟು ಹೇಳಿ ಸಾಕು," ಎಂದರು ಐರಿನ್ ಬಾಯಿ. "ಲಾರಿ ಅಣ್ಣನಿಗೆ ಹೇಳ್ಬೇಕು. ಅವನ ಹಾರ್ಟ್ ಈಗ ಬ್ಯಾಟರಿಯಲ್ಲಿ ನಡೆಯುವುದು."

ಲೈಟ್ ಕ್ರೂಸರ್ ವೇಗಕ್ಕಾಗಿ ಕಟ್ಟಿದ ಹಡಗು. ಭಾರ ಕಡಿಮೆ ಮಾಡಲು ದಪ್ಪ ಉಕ್ಕನ್ನು ಯಂತ್ರಗಳಿಗೂ ಫಿರಂಗಿಗಳ ಮದ್ದಿನ ಕೋಣೆಗೂ ಮಾತ್ರ ಹೊದಿಸುತ್ತಿದ್ದರು. ಮದ್ದಿನ ಕೋಣೆ ನೀರಿನ ಮಟ್ಟಕ್ಕಿಂತ ಕೆಳಗೆ. ಕದನದ ವೇಳೆ ಸ್ಟೂವರ್ಡ್‌ಗಳು ತಟ್ಟೆ ಬಿಟ್ಟು ಅಲ್ಲಿಗಿಳಿದು ಮದ್ದು ಮೇಲೆ ಕಳಿಸಬೇಕು. ನೌಕಾಪಡೆಯ ದಾಖಲೆಗಳಲ್ಲಿದ್ದ, ಬದುಕಿದ ನಾವಿಕನೊಬ್ಬನ ಹೇಳಿಕೆಯಲ್ಲಿ ಐರಿನ್ ಬಾಯಿಯ ತಂದೆ ಮುಂಭಾಗದ ಮದ್ದಿನ ಕೋಣೆಯಲ್ಲಿದ್ದರೆಂದಿತ್ತು. ಹಡಗು ಆರೇ ನಿಮಿಷದಲ್ಲಿ ಮುಳುಗಿತ್ತು.

ಅದೇ ವಿನ್ಯಾಸದ ಇನ್ನೊಂದು ಹಡಗಿನ ನಕ್ಷೆ ಮೊದಲ ವಾರವೇ ನನಗೆ ಸಿಕ್ಕಿತು. ಕದನದ ವೇಳೆ ಮುಚ್ಚಿಯೇ ಇಡುತ್ತಿದ್ದ ಕೋಣೆಯ ಮುಚ್ಚಳದ ಚಿಲಕಗಳು ಹೊರಗೆ, ಮೇಲ್ಬದಿಯಲ್ಲಿ ಮಾತ್ರ. ಒಳಗಿದ್ದವರು ತೆರೆಯುವಂತಿರಲಿಲ್ಲ. ಆದರೂ ಕಟ್ಟುವಾಗ ಬದಲಾವಣೆ ಮಾಡಿರಬಹುದೆಂದು, ಮುಳುಗಿದ ಹಡಗಿನದೇ ನಕ್ಷೆಗಾಗಿ ಇಂಗ್ಲೆಂಡಿಗೆ ಬರೆದೆ.

ಐರಿನ್ ಬಾಯಿ ಎರಡು ಸಲ ಫೋನ್ ಮಾಡಿದರು. "ಒಂದು ಅಂದಾಜಾದ್ರೂ?"

"ಅಂದಾಜು ನನ್ನ ಕೆಲಸ ಅಲ್ಲಮ್ಮ. ನಕ್ಷೆ ಬರಲಿ."

"ಸಾರಿಗೆ ಉಪ್ಪು ಸರಿ ಉಂಟಾ ಅಂತ ಹೆಂಡ್ತಿ ಕೇಳಿದ್ರೂ ನಕ್ಷೆ ಬೇಕಾ ನಿಮಗೆ?" ಎಂದು ನಕ್ಕರು.

ಹನ್ನೊಂದು ವಾರಗಳ ನಂತರ ನಕ್ಷೆ ಬಂತು. ಒಂದು ಗೆರೆಯೂ ಬೇರೆ ಇರಲಿಲ್ಲ. ತಂದೆ ಆ ಕೋಣೆಯಿಂದ ಹೊರಬಂದಿರಲಾರರೆಂದು ಎರಡು ಪುಟದ ವರದಿ ಬರೆದು ಸಹಿ ಹಾಕಿ ಮಾಡ್ಬರಿಗೆ ಒಯ್ದೆ. ಐರಿನ್ ಬಾಯಿ ಕಪ್ಪು ಸೀರೆ ಉಟ್ಟಿದ್ದರು. ನಾನು ಕಾರಣ ಕೇಳದೆ ವರದಿ ಓದಿದೆ.

"ಪಾಪ ಅಪ್ಪ," ಎಂದರು. "ಲಾರಿ ಅಣ್ಣ ಹೋಗಿ ಇವತ್ತಿಗೆ ಒಂಬತ್ತು ದಿನ. ಮರಣದ ಫಾರ್ಮಿನಲ್ಲಿ ತಂದೆಯ ಹೆಸರು ಕೇಳ್ತಾರೆ. 'ಗೊತ್ತಿಲ್ಲ ಅಂತ ಬರೆಸಿ' ಅಂತ ಅವನೇ ಹೇಳಿಟ್ಟಿದ್ದ. ಹಾಗೇ ಬರೆಸಿದೆವು."

ನಾನು ವರದಿಯನ್ನು ಮಡಚಿದೆ.

"ನಿಮಗೆ ಯಾವಾಗ ಗೊತ್ತಾದದ್ದು ಇದು?"

ನಿನ್ನೆ ಎನ್ನಬಹುದಿತ್ತು. "ಮೊದಲ ವಾರವೇ ನೂರಕ್ಕೆ ತೊಂಬತ್ತು ಗೊತ್ತಿತ್ತಮ್ಮ."

"ಅಣ್ಣನಿಗೆ ಐವತ್ತು ಸಾಕಿತ್ತು ಮಾರಾಯ್ರೆ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಚಹಾ ಕೊಟ್ಟೇ ಕಳಿಸಿದರು.

ಖಚಿತವಾಗದೆ ಸಹಿ ಹಾಕಬಾರದೆಂದು ಇಂದಿಗೂ ನಂಬಿದ್ದೇನೆ. ಆದರೆ ಗೊತ್ತಿರುವಷ್ಟನ್ನು, ಉಳಿದ ಅನುಮಾನವನ್ನೂ ಸೇರಿಸಿ, ಕೇಳಿದವರಿಗೆ ಅಂದೇ ಹೇಳಿಬಿಡಬೇಕು. ನನ್ನ ಆ ವರದಿಯಲ್ಲಿ ಒಂದು ತಪ್ಪೂ ಇರಲಿಲ್ಲ. ಅದನ್ನು ಕೇಳಬೇಕಾಗಿದ್ದವನೇ ಇರಲಿಲ್ಲ.