ಹೋಟೆಲಿನ ಲಾಟಿನಲ್ಲಿ ಬಂದ ಕಡಲು

ಈ ತೊಟ್ಟಿಗೆ ನನಗೆ ಎರಡೂಕಾಲು ಲಕ್ಷ ಬಿದ್ದಿದೆ. ಗಾಜು, ಕಬ್ಬಿಣದ ಸ್ಟ್ಯಾಂಡು, ಪಂಪು, ಉಪ್ಪು, ದೀಪ, ಇನ್ವರ್ಟರು ಎಲ್ಲ ಸೇರಿ. ಬೇರೆ ಯಾರಾದರೂ ಮಾಡಿಸಿದ್ದರೆ ನಾಲ್ಕು ದಾಟುತ್ತಿತ್ತು. ಹಳೆಯ ಸಾಮಾನು ಕೊಂಡು ಮಾರುವುದೇ ನನ್ನ ಕಸುಬಾದ ಕಾರಣ ಅಷ್ಟಕ್ಕೆ ನಿಂತಿತು. ಯಾಕೆ ಮಾಡಿಸಿದ್ದು ಎಂದು ಕೇಳಿದರೆ, ನನ್ನ ಅಮ್ಮ ಗಂಜಿ ಉಣ್ಣಲಿ ಎಂದು. ಆರು ಅಡಿ ಉದ್ದದ ಆ ತೊಟ್ಟಿಯಲ್ಲಿ ಈಗ ನೀರಿದೆ, ಕಲ್ಲಿದೆ, ಬೆಳಕಿದೆ. ಮೀನಿಲ್ಲ.

ಬಂಟ್ವಾಳದಲ್ಲಿ ನನ್ನದೊಂದು ಗೋದಾಮು ಇದೆ. ಮುಚ್ಚಿದ ಹೋಟೆಲು, ಕ್ಯಾಂಟೀನು, ಹಾಸ್ಟೆಲುಗಳ ಸಾಮಾನನ್ನು ಒಂದೇ ಲಾಟಾಗಿ, ಇಡಿಯಾಗಿ ಕೊಂಡು ಬಿಡಿಬಿಡಿಯಾಗಿ ಮಾರುತ್ತೇನೆ. ಇದರಲ್ಲಿ ಎರಡು ಕ್ರಮ. ಒಂದು, ಲಾಟಿನಲ್ಲಿ ಆರಿಸಿಕೊಳ್ಳುವ ಹಾಗಿಲ್ಲ; ಒಳ್ಳೆಯ ಫ್ರೀಜರು ಬೇಕಾದರೆ ಕಾಲು ಮುರಿದ ಬೆಂಚನ್ನೂ ಹೊತ್ತುಕೊಂಡು ಬರಬೇಕು. ಎರಡನೆಯದು ನಾನೇ ಮಾಡಿಕೊಂಡದ್ದು: ಬಂದ ಸಾಮಾನನ್ನು ಬ್ಲೀಚಿಂಗ್ ಪುಡಿ ಹಾಕಿ, ಪ್ರೆಶರ್ ಪಂಪು ಹಿಡಿದು ತೊಳೆಯದೆ ಒಳಗಿಡುವುದಿಲ್ಲ. ಎಣ್ಣೆ ಮೆತ್ತಿದ ಗ್ರೈಂಡರಿಗೂ ಹೊಳೆಯುವ ಗ್ರೈಂಡರಿಗೂ ಕ್ರಯದಲ್ಲಿ ಅರ್ಧಕ್ಕರ್ಧ ವ್ಯತ್ಯಾಸ. ನನ್ನ ಮನೆಯ ಗೋಡೆ ಎದ್ದದ್ದೇ ಆ ಹೊಳಪಿನಲ್ಲಿ.

ಬೆಳ್ತಂಗಡಿ ಕಡೆಯ ಒಂದು ಹೋಟೆಲು ಮುಚ್ಚುವಾಗ ಲಾಟು ನೋಡಲು ಹೋಗಿದ್ದೆ. ಕ್ಯಾಶ್ ಕೌಂಟರಿನ ಪಕ್ಕದಲ್ಲಿ ಉಪ್ಪುನೀರಿನ ತೊಟ್ಟಿ ಇತ್ತು. ಒಳಗೆ ಪಾಚಿ ಹಿಡಿದ ತೂತುತೂತು ಕಲ್ಲುಗಳು, ಬೆರಳುಗಳ ಹಾಗೆ ತೊನೆಯುವ ಒಂದು ಕಡಲ ಹೂವು, ಅದರ ಮಧ್ಯೆ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಮೀನು.

"ಅದನ್ನು ಬಿಟ್ಟು ರೇಟು ಹೇಳಿ," ಎಂದೆ ಮ್ಯಾನೇಜರನಿಗೆ.

"ಲಾಟ್ ಅಂದ್ರೆ ಲಾಟ್ ಅಣ್ಣ. ಗ್ರೈಂಡರ್ ಬೇಕು, ಮೀನು ಬೇಡ ಅಂದ್ರೆ ಹೇಗೆ?"

"ಗ್ರೈಂಡರಿಗೆ ದಿನಾ ಹೊಟ್ಟೆಗೆ ಹಾಕ್ಬೇಕಂತ ಇಲ್ಲ ಮಾರಾಯ್ರೇ."

"ಅಕ್ಕಿ ಹಾಕದಿದ್ರೆ ಅದೆಂತ ಗಾಳಿ ರುಬ್ಬುತ್ತದಾ?"

ಅಲ್ಲಿದ್ದವರೆಲ್ಲ ನಕ್ಕರು. ನಾನು ನಗುತ್ತಲೇ ಮೀನಿನ ನೆಪ ಹೇಳಿ ರೇಟು ಇನ್ನಷ್ಟು ಇಳಿಸಿದೆ. ವಾರದೊಳಗೆ ಯಾರಿಗಾದರೂ ದಾಟಿಸುವ ಅಂದಾಜು ನನ್ನದು. ತೊಟ್ಟಿಯ ಮುಕ್ಕಾಲು ನೀರನ್ನು ಕ್ಯಾನುಗಳಿಗೆ ತುಂಬಿ, ಉಳಿದ ನೀರಿನಲ್ಲಿ ಮೀನುಗಳನ್ನು ಬಿಟ್ಟು ಹಾಗೆಯೇ ಲಾರಿಗೆ ಏರಿಸಿ ತಂದೆವು. ಗೋದಾಮಿನ ತಗಡಿನ ಮಾಡಿನಡಿ ನೀರು ಕಾದುಹೋಗುತ್ತದೆ ಎಂದು ಮನೆಗೆ ತರಬೇಕಾಯಿತು. ಮನೆಯಲ್ಲಿ ಏಸಿ ಇರುವುದು ಒಂದೇ ಕೋಣೆಗೆ, ಅಮ್ಮನ ಕೋಣೆಗೆ.

ಅಮ್ಮ ಬೀಡಿ ಕಟ್ಟಿ ನನ್ನನ್ನು ಸಾಕಿದವರು. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಅವರ ಒಂದು ಕಟ್ಟನ್ನು ಸುಮ್ಮನೆ ಬದಿಗೆ ತಳ್ಳಿದರೆ, ಯಾಕೆ ತಳ್ಳಿದ್ದು ಎಂದು ಹೇಳಿಸದೆ ಎದ್ದು ಬರುತ್ತಿರಲಿಲ್ಲ. ಚೌಕಾಶಿ ಎಂದರೆ ಏನೆಂದು ನಾನು ಕಲಿತದ್ದು ಅಲ್ಲಿ, ಅವರ ಸೆರಗು ಹಿಡಿದು ನಿಂತು. ಪಾರ್ಶ್ವವಾಯು ಹೊಡೆದ ಮೇಲೆ ಮಾತು ಹೋಯಿತು, ಬಲಗೈ ಬಿತ್ತು. ಗೋಡೆಗೆ ಮುಖ ಮಾಡಿ ಮಲಗಿದವರು ಯಾರು ಕರೆದರೂ ತಿರುಗುತ್ತಿರಲಿಲ್ಲ. ಎರಡು ಚಮಚ ಗಂಜಿ ಒಳಗೆ ಹೋದರೆ ಅದೇ ದೊಡ್ಡದು. ಹೀಗೇ ಆದರೆ ಮೂಗಿನಿಂದ ನಳಿಗೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು.

ತೊಟ್ಟಿ ಇಟ್ಟು ದೀಪ ಹಾಕಿದ ಸಂಜೆ ನನ್ನ ಹೆಂಡತಿ ಒಳಗಿನಿಂದ ಕರೆದಳು. "ಇಲ್ಲಿ ಬನ್ನಿ, ಬೇಗ. ಅತ್ತೆ ತಿರುಗಿದ್ದಾರೆ."

ತಿರುಗಿದ್ದರು. ಮೀನು ಎಡಕ್ಕೆ ಹೋದರೆ ಕಣ್ಣು ಎಡಕ್ಕೆ, ಹೂವಿನೊಳಗೆ ಅಡಗಿದರೆ ಕಣ್ಣು ಅಲ್ಲೇ ಕಾಯುವುದು. ಹೆಂಡತಿ ಸದ್ದಿಲ್ಲದೆ ಚಮಚ ಬಾಯಿಗೆ ಹಿಡಿದಳು. ಬಟ್ಟಲು ಖಾಲಿಯಾಯಿತು. ಮರುದಿನವೂ ಆಯಿತು. ಮೀನು ಕೇಳಿಕೊಂಡು ಬಂದ ಗಿರಾಕಿಯನ್ನು ನಾನು ಬಾಗಿಲಿನಿಂದಲೇ ಕಳಿಸಿದೆ.

ಮೂಡುಬಿದಿರೆಯಲ್ಲಿ ಅಲಂಕಾರದ ಮೀನು ಮಾರುವ ಅಂಗಡಿಯ ಸಾಹೇಬರೊಬ್ಬರಿದ್ದಾರೆ. ಗಲ್ಫಿನ ದೊಡ್ಡ ಹೋಟೆಲುಗಳ ತೊಟ್ಟಿ ನೋಡಿಕೊಂಡಿದ್ದು ಊರಿಗೆ ಬಂದವರು. ಮೀನಿಗೆ ತಿಂಡಿ ತರಲು ಹೋದವನು ಅವರನ್ನೇ ಮನೆಗೆ ಕರೆತಂದೆ. ಅವರು ತೊಟ್ಟಿಯ ಮೂಲೆಗೆ ಬೆರಳು ಹಿಡಿದು ಮುಖ ಸಣ್ಣ ಮಾಡಿದರು.

"ಇದು ಜಾಸ್ತಿ ದಿನ ಇಲ್ಲ ಅಣ್ಣ. ಲಾರಿಯಲ್ಲಿ ಕುಲುಕಿ ಅಂಟು ಬಿಡ್ತಾ ಉಂಟು."

"ಮೇಲಿಂದ ಸ್ವಲ್ಪ ಅಂಟು ಹಾಕಿ ಕೊಡಿ ಸಾಹೇಬ್ರೇ."

"ನೀರಿರುವಾಗ ಹೇಗೆ ಹಾಕುದು? ದೊಡ್ಡದೇ ಒಂದು ಮಾಡಿಸಿ. ನೀರು ಜಾಸ್ತಿ ಇದ್ದಷ್ಟು ಕೆಡುದು ನಿಧಾನ."

ಹಾಗೆ ಯೋಜನೆ ಸುರುವಾಯಿತು. ಅಮ್ಮನ ಕೋಣೆಯ ನೆಲದಲ್ಲಿ ಸೀಮೆಸುಣ್ಣದಿಂದ ಆರು ಅಡಿ ಗೆರೆ ಎಳೆದೆ. ನೀರು, ಕಲ್ಲು ಸೇರಿ ಒಂದು ಟನ್ನಿನ ಹತ್ತಿರ ಭಾರ. ಕೆಳಗಿನ ಅಂತಸ್ತಾದ್ದರಿಂದ ಬದುಕಿದೆವು. ಸ್ಟ್ಯಾಂಡಿನ ಎತ್ತರ ಎಷ್ಟು ಎಂಬ ಪ್ರಶ್ನೆ ಬಂತು. ಅಂಗಡಿಗಳಲ್ಲಿ ನಿಂತವರ ಕಣ್ಣಿನ ಮಟ್ಟಕ್ಕೆ ಇಡುತ್ತಾರಂತೆ. ನಾನು ಅಮ್ಮನ ಪಕ್ಕದಲ್ಲಿ, ಅವರ ತಲೆದಿಂಬಿಗೇ ತಲೆ ಕೊಟ್ಟು ಮಲಗಿದೆ. ಚಿಕ್ಕಂದಿನ ಮೇಲೆ ಹಾಗೆ ಮಲಗಿದ್ದು ಅದೇ ಮೊದಲು. ಹೆಂಡತಿ ಗೋಡೆಗೆ ಟೇಪು ಹಿಡಿದಳು. "ಇನ್ನೂ ಕೆಳಗೆ," ಎಂದೆ. "ಇನ್ನೂ." ಅಮ್ಮನ ಎಡಗೈ ಬೆರಳುಗಳು ಹೊದಿಕೆಯ ಮೇಲೆ ಬೀಡಿ ಸುತ್ತುವ ಹಾಗೆ ಆಡುತ್ತಿದ್ದವು.

ಉಪ್ಪಿನ ಚೀಲದ ಕ್ರಯ ಕೇಳಿ ನನಗೆ ಸಿಟ್ಟು ಬಂತು. "ಕಡಲು ಇಲ್ಲೇ ಉಂಟಲ್ಲ ಸಾಹೇಬ್ರೇ, ಟ್ಯಾಂಕರಿನಲ್ಲಿ ತರುವ."

"ಈಗ ಮಳೆ. ನೇತ್ರಾವತಿಯ ಕೆಂಪು ನೀರು ಎಲ್ಲಿಗೆ ಹೋಗುದು? ನಿಮ್ಮ ಮನೆ ಎದುರಿಂದ ಹೋದದ್ದನ್ನೇ ದುಡ್ಡು ಕೊಟ್ಟು ವಾಪಸ್ ತರ್ತೀರಾ?"

ನಾನು ಉಪ್ಪು ಕೊಂಡೆ. ಬಣ್ಣಬಣ್ಣದ ಹವಳವನ್ನೂ ಹಾಕಿಸುವ ಆಸೆಯಾಗಿತ್ತು.

"ಜೀವದ ಹವಳ ಇಡ್ಲಿಕ್ಕೆ ಕಾನೂನು ಬಿಡುದಿಲ್ಲ. ನೀವು ಒಳಗೆ ಹೋದ್ರೆ ಅಮ್ಮನಿಗೆ ಮೀನು ತೋರಿಸುದು ಯಾರು? ನಿಮ್ಮ ಹಳೇ ಕಲ್ಲೇ ಚಿನ್ನ ಅಣ್ಣ. ಹೊಸ ಕಲ್ಲಾದ್ರೆ ನೀರು ಹದಕ್ಕೆ ಬರ್ಲಿಕ್ಕೆ ತಿಂಗಳುಗಟ್ಟಲೆ ಕಾಯ್ಬೇಕು. ಹಳೇ ಕಲ್ಲು, ನೀರು ಸೋಸುವ ಹಳೇ ಸ್ಪಂಜು ಹಾಕಿದ್ರೆ ಅದೇ ದಿನ ಮೀನು ಬಿಡ್ಬಹುದು."

ಹೊಸ ತೊಟ್ಟಿ ಬಂದು ನೀರು ತಯಾರಾಗುವ ಹೊತ್ತಿಗೆ ಹಳೆಯದರ ಮೂಲೆಯಿಂದ ಹನಿ ಬೀಳತೊಡಗಿತ್ತು. ಸಾಹೇಬರು ಮದುವೆಗೆಂದು ಊರಲ್ಲಿರಲಿಲ್ಲ. ಕಾಯುವ ಹಾಗಿರಲಿಲ್ಲ. ಮೀನನ್ನೂ ಹೂವನ್ನೂ ಬಕೆಟಿಗೆ ಹಾಕಿ ಕಲ್ಲುಗಳನ್ನು ಅಂಗಳಕ್ಕೆ ತಂದೆ. ಹಗಲು ಬೆಳಕಿನಲ್ಲಿ ಅವನ್ನು ಸರಿಯಾಗಿ ನೋಡಿದ್ದು ಆಗ. ಲೋಳೆ, ಕಂದು ಪಾಚಿ, ಕೆಸರು. ಸ್ಪಂಜನ್ನು ಹಿಂಡಿದರೆ ಚರಂಡಿಯ ನೀರು.

"ಅದನ್ನೂ ತೊಳೀಬೇಕಾ?" ಎಂದಳು ಹೆಂಡತಿ.

"ಇದನ್ನು ಹೀಗೇ ಅಮ್ಮನ ಕೋಣೆಯಲ್ಲಿ ಇಡುದಾ?"

ಬ್ಲೀಚಿಂಗ್ ಪುಡಿಯಲ್ಲಿ ನೆನೆಸಿ, ಪ್ರೆಶರ್ ಪಂಪು ಹಿಡಿದು, ವಾಸನೆ ಹೋಗುವ ತನಕ ತೊಳೆದೆ. ಕಲ್ಲುಗಳು ಬೆಳ್ಳಗೆ ಹೊಳೆದವು. ಸಂಜೆ ಎಲ್ಲವನ್ನೂ ಜೋಡಿಸಿ ಮೀನು ಬಿಟ್ಟಾಗ, ದೇವರಾಣೆ, ಅಂಥ ಚಂದದ್ದನ್ನು ನಾನು ಯಾವ ಹೋಟೆಲಿನಲ್ಲೂ ನೋಡಿಲ್ಲ. ಅಮ್ಮ ಬಟ್ಟಲು ಖಾಲಿ ಮಾಡಿ ಇನ್ನೂ ಬಾಯಿ ತೆರೆದರು.

ಎರಡು ದಿನ ಕಳೆದ ಮೇಲೆ ನೀರು ಮಂಜಾಯಿತು. ಕಡಲ ಹೂವು ಮುದುಡಿ ಮುಷ್ಟಿಯಷ್ಟಾಯಿತು. ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಫೋನಿನ ಮೇಲೆ ಫೋನು ಮಾಡಿದೆ. ಸಾಹೇಬರು ಮದುವೆ ಮನೆಯಿಂದ ಹೊಸ ಅಂಗಿಯಲ್ಲೇ ಬಂದರು.

"ಕಲ್ಲು ಯಾಕೆ ಇಷ್ಟು ಬಿಳಿ?"

"ತೊಳೆದೆ."

"ಎಂತದ್ರಲ್ಲಿ?"

ನಾನು ಹೇಳಿದೆ. ಅವರು ಅಮ್ಮನ ಮಂಚದ ಪಕ್ಕ ನೆಲದಲ್ಲೇ ಕೂತುಬಿಟ್ಟರು.

"ಅದರೊಳಗೇ ಅಲ್ವಾ ಅಣ್ಣ ಇದ್ದದ್ದು. ಮೀನಿನ ಹೊಲಸನ್ನು ತಿಂದು ನೀರನ್ನು ಉಳಿಸುವ ಜೀವ. ಕಣ್ಣಿಗೆ ಕಾಣುದಿಲ್ಲ. ವರ್ಷಗಟ್ಟಲೆ ಬೆಳೆದದ್ದು." ಬಿಳಿ ಕಲ್ಲುಗಳತ್ತ ಕೈ ತೋರಿಸಿ, "ಇಷ್ಟು ಚರ್ಚೆ ಮಾಡ್ತೀರಿ, ಇದೊಂದು ಕೇಳ್ಲಿಕ್ಕೆ ಆಗ್ಲಿಲ್ವಾ?" ಎಂದರು.

ನೀರು ಬದಲಿಸಿದೆವು, ಮತ್ತೆ ಬದಲಿಸಿದೆವು. ಇದ್ದ ಉಪ್ಪೆಲ್ಲ ಮುಗಿಯಿತು. ಹೂವು ಕರಗಿ ಎಳೆಎಳೆಯಾಗಿ ತೇಲಿತು. ಗಂಟಲು ಹಿಡಿಯುವ ವಾಸನೆ. ಸಣ್ಣ ಮೀನು ಅಡ್ಡ ಬಿದ್ದದ್ದನ್ನು ನನಗಿಂತ ಮೊದಲು ಅಮ್ಮ ನೋಡಿದ್ದರು. ನಾನು ಓಡಿ ದೀಪ ಆರಿಸಿದೆ. ತಡವಾಗಿತ್ತು. ಅವರ ಎಡಗೈ ಹೊದಿಕೆಯನ್ನು ಹಿಡಿದುಕೊಂಡಿತ್ತು. ಉಳಿದ ಒಂದು ಮೀನನ್ನು ಸಾಹೇಬರು ಬಕೆಟಿನಲ್ಲಿ ಮೂಡುಬಿದಿರೆಗೆ ಒಯ್ದರು. ಮರುದಿನ ಬೆಳಿಗ್ಗೆ ನೋಡುವಾಗ ಅಮ್ಮನ ಮುಖ ಗೋಡೆಯ ಕಡೆಗಿತ್ತು.

ಈಗಲೂ ಹಾಗೆಯೇ ಇದೆ. ಸಾಹೇಬರ ಅಂಗಡಿಯಲ್ಲಿ ಆ ಮೀನಿನ ವೀಡಿಯೊ ತೆಗೆದು ತಂದು ಅವರ ಕಣ್ಣೆದುರು ಹಿಡಿದೆ. ಕಣ್ಣು ಮುಚ್ಚಿಕೊಂಡರು. ಗಂಜಿ ಮತ್ತೆ ಎರಡು ಚಮಚಕ್ಕೆ ಬಂದಿದೆ, ಕೆಲವು ದಿನ ಅದೂ ಇಲ್ಲ. ಡಾಕ್ಟರು ನಳಿಗೆಯ ಮಾತು ಮತ್ತೆ ಎತ್ತಿದ್ದಾರೆ. ಪ್ರತಿ ವಾರ ತೊಟ್ಟಿಯ ನೀರನ್ನು ಬಾಟಲಿಯಲ್ಲಿ ತುಂಬಿ ಮೂಡುಬಿದಿರೆಗೆ ಒಯ್ಯುತ್ತೇನೆ. ಸಾಹೇಬರು ಮದ್ದಿನ ಹನಿ ಹಾಕಿ, ಬಣ್ಣ ನೋಡಿ, ಇನ್ನೂ ಹದಕ್ಕೆ ಬಂದಿಲ್ಲ ಎಂದು ತಲೆ ಅಲ್ಲಾಡಿಸುತ್ತಾರೆ. ಅವರ ಸ್ವಂತ ತೊಟ್ಟಿಗಳಲ್ಲಿ ಹೆಚ್ಚಿನವು ಸಿಹಿನೀರಿನವು. ಆ ಕಲ್ಲು ಇದಕ್ಕಾಗದು. ಇರುವ ಒಂದು ಸಣ್ಣ ಉಪ್ಪುನೀರಿನ ತೊಟ್ಟಿಯಿಂದ ಅಂಗೈಯಷ್ಟು ಕಲ್ಲು ಮುರಿದು, ಹಾಲಿಗೆ ಹೆಪ್ಪು ಕೊಟ್ಟ ಹಾಗೆ, ಕೊಟ್ಟಿದ್ದಾರೆ.

"ಇವತ್ತೇ ಬಿಡುವ ಸಾಹೇಬ್ರೇ. ಸತ್ತರೆ ನಷ್ಟ ನನ್ನದು."

"ನಷ್ಟ ನಿಮ್ಮದು, ಸಾಯುದು ಮೀನು, ನೋಡುದು ಅಮ್ಮ. ಸ್ವಲ್ಪ ತಡೀರಿ."

ಎಷ್ಟು ದಿನ ಎಂದು ಕೇಳಿದರೆ ಅವರು ಹೇಳುವುದಿಲ್ಲ. ಅಮ್ಮನ ಹತ್ತಿರ ಇನ್ನೆಷ್ಟು ಇದೆ ಎಂದು ನನಗೂ ಯಾರೂ ಹೇಳುವುದಿಲ್ಲ.

ಇಂಥ ತೊಟ್ಟಿ ಮಾಡಿಸಲು ಹೊರಟವರು ಇಷ್ಟು ಕೇಳಿ. ಗಾಜು, ಸ್ಟ್ಯಾಂಡು, ಪಂಪು ಹಳೆಯದು ಸಿಕ್ಕಿದರೆ ಧೈರ್ಯವಾಗಿ ಕೊಳ್ಳಿ, ಅರ್ಧ ಕ್ರಯಕ್ಕೆ ಕೇಳಿ. ಉಪ್ಪಿನಲ್ಲಿ, ಇನ್ವರ್ಟರಿನಲ್ಲಿ ಉಳಿಸಲು ಹೋಗಬೇಡಿ. ನಮ್ಮ ಕಡೆಯ ಮಳೆಗಾಲದ ಕರೆಂಟು ನಿಮಗೆ ಗೊತ್ತು. ನೋಡುವವರು ಮಲಗಿದ್ದರೆ ನೀವೂ ಅಲ್ಲೇ ಮಲಗಿ ಎತ್ತರ ಅಳೆಯಿರಿ. ಮೀನನ್ನು ಕೊನೆಗೆ ತನ್ನಿ. ಕಲ್ಲನ್ನೂ ಸ್ಪಂಜನ್ನೂ ಎಷ್ಟೇ ಕೊಳಕಾಗಿ ಕಂಡರೂ ಅದೇ ತೊಟ್ಟಿಯ ನೀರಿನಲ್ಲಿ ಅದ್ದಿ ತೆಗೆಯಿರಿ, ಅಷ್ಟೇ.

ನಿಮ್ಮ ಗುರುತಿನವರು ಯಾರಾದರೂ ಉಪ್ಪುನೀರಿನ ತೊಟ್ಟಿ ತೆಗೆದುಹಾಕುವವರಿದ್ದರೆ ಕಲ್ಲುಗಳನ್ನು ಎಸೆಯಲು ಬಿಡಬೇಡಿ. ಅದೇ ನೀರಿನಲ್ಲಿ ಮುಳುಗಿಸಿ, ಬಕೆಟಿಗೆ ಮುಚ್ಚಳ ಹಾಕಿ, ಒಣಗುವ ಮೊದಲು ಮೂಡುಬಿದಿರೆಯ ಮೀನಿನ ಅಂಗಡಿಗೆ ತಲುಪಿಸಿ. ತೊಳೆಯಬೇಡಿ. ಕ್ರಯ ನೀವು ಹೇಳಿದ್ದೇ.